ಹತ್ತನೇ ಕ್ಲಾಸಿನ ನನ್ನ ಮಗಳು ಐದನೇ ಕ್ಲಾಸಿನವರ ಚಾಪೆ ಮೇಲೆ

"ಒಂದು ಬೈ ಎರಡಕ್ಕೆ ಒಂದು ಬೈ ಮೂರು ಕೂಡಿಸು" ಅಂದರು ಟೀಚರ್.

ನನ್ನ ಮಗಳು ಚಂದನ ಸ್ವಲ್ಪವೂ ತಡಮಾಡದೆ ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಎರಡು ಬೈ ಐದು ಅಂತ ಬರೆದಳು. ಪಕ್ಕದಲ್ಲಿ ಕೂತಿದ್ದ ನನಗೂ ಸರಿಯಾಗಿಯೇ ಇದೆ ಅನ್ನಿಸಿತು.

"ಅರ್ಧ ಇತ್ತು. ಅದುಕ್ಕೆ ಇನ್ನೊಂದಿಷ್ಟು ಸೇರಿಸಿದೀಯ. ಸೇರಿಸಿದ್ಮೇಲೆ ಅರ್ಧಕ್ಕಿಂತ ಕಮ್ಮಿ ಆಗೈತಲ್ಲ, ಹೆಂಗವ್ವ?"

ಚಂದನ ತಲೆ ತಗ್ಗಿಸಿದಳು. ನಾನು ಸೀಲಿಂಗ್ ಫ್ಯಾನ್ ನೋಡಿದೆ.

ಮಧುಗಿರಿ ಕೋರ್ಟ್ ಮುಂದೆ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಊರಿನ ಮಕ್ಕಳಿಗೆಲ್ಲ ಹಳೆಯ ಕ್ವೆಶ್ಚನ್ ಪೇಪರ್ ತೆಗೆದುಕೊಡುವವಳು ನಾನೇ. ಮನೆಯಲ್ಲಿ ಮಗಳ ಮುಂದೆ ಅದರದೊಂದು ಗುಡ್ಡೆಯನ್ನೇ ಹಾಕಿದ್ದೆ.

ಆದರೂ ಹತ್ತನೇ ಕ್ಲಾಸಿನ ಮೊದಲ ಟೆಸ್ಟಿನಲ್ಲಿ ಗಣಿತಕ್ಕೆ ಎಂಬತ್ತಕ್ಕೆ ಹದಿನೆಂಟು. ಉಳಿದ ಸಬ್ಜೆಕ್ಟ್ ಎಲ್ಲ ಚೆನ್ನಾಗಿವೆ, ಇದೊಂದೇ ಕೈ ಕೊಡುತ್ತಿತ್ತು.

ಟ್ಯೂಷನ್ನಿಗೆ ಹಾಕೋಣ ಅಂತ ನನ್ನ ಗಂಡ ತಿಂಗಳಿಂದ ಹೇಳುತ್ತಿದ್ದರು. ನಾನು ಬೇಡ ಅನ್ನುತ್ತಿದ್ದೆ. ದಿನವಿಡೀ ಸ್ಕೂಲಲ್ಲಿ ಹತ್ತದ್ದು ಸಂಜೆ ಒಂದು ಗಂಟೆಯಲ್ಲಿ ತಲೆಗೆ ಹತ್ತುತ್ತದಾ, ಇವಳಿಗೆ ಗಮನ ಇಲ್ಲ ಅಷ್ಟೇ ಅನ್ನುವುದು ನನ್ನ ವಾದ. ಕೊನೆಗೆ, ಕೇಳಿಕೊಂಡಾದರೂ ಬರೋಣ ಅಂತ ರಿಟೈರ್ ಆದ ಸುಲೋಚನಾ ಟೀಚರ್ ಮನೆಗೆ ಹೋಗಿದ್ದೆವು.

ಟೀಚರ್ ಈಗ ಅವಳ ಗಣಿತದ ಗೈಡಿನಿಂದ ಒಂದು ದೊಡ್ಡ ಲೆಕ್ಕ ಕೊಟ್ಟರು. ಚಂದನ ಅರ್ಧ ಪುಟ ತುಂಬ ತಪ್ಪಿಲ್ಲದೆ ಬಿಡಿಸಿದಳು. ನನಗೆ ಹೋದ ಜೀವ ಬಂದ ಹಾಗಾಯಿತು.

ಅವರು ಅದೇ ಲೆಕ್ಕದಲ್ಲಿ ಒಂದು ಸಂಖ್ಯೆ ಮಾತ್ರ ಬದಲಾಯಿಸಿದರು. ಇವಳು ಮತ್ತೆ ಹಳೆಯ ಉತ್ತರವನ್ನೇ ಬರೆದಳು...

ಇನ್ನೊಂದು ಪುಟ ತೆಗೆದರು, ಅಲ್ಲೂ ಹಾಗೇ. ಮತ್ತೊಂದು, ಮಗದೊಂದು. ಟೀಚರ್ ಗೈಡನ್ನು ಮುಚ್ಚಿ ನನ್ನ ಕಡೆ ತಿರುಗಿದರು.

"ಇವ್ಳಿಗೆ ಲೆಕ್ಕ ಬರಲ್ಲ ಕಣಮ್ಮ. ಇಡೀ ಗೈಡು ಬಾಯಿಪಾಠ ಮಾಡವ್ಳೆ. ಇಷ್ಟು ವರ್ಷ ಪಾಠ ಮಾಡಿದೀನಿ, ಇಂಥ ಕಷ್ಟ ಬಿದ್ದೋಳ್ನ ನಾನು ನೋಡಿಲ್ಲ."

ಗಮನ ಇಲ್ಲ ಅಂತ ನಾನು ದಿನಾ ಬೈಯುತ್ತಿದ್ದದ್ದು ಇವಳನ್ನೇ.

ಭಿನ್ನರಾಶಿ ಯಾವ ಕ್ಲಾಸಲ್ಲಿ ಕಲಿತೆ ಅಂತ ಟೀಚರ್ ಕೇಳಿದರು. ಕಲಿತೇ ಇಲ್ಲ ಅಂದಳು.

ಲೆಕ್ಕ ಹಾಕಿದರೆ ಅದು ಕೊರೊನಾ ವರ್ಷ. ಅವಳ ಐದನೇ ಕ್ಲಾಸು. ಮನೆಗೆಲ್ಲ ಇದ್ದದ್ದು ಒಂದೇ ಫೋನು, ಅದೂ ಗಂಡನ ಜೇಬಿನಲ್ಲಿ. ಇವಳನ್ನು ಗೌಡಗೆರೆ ಹತ್ತಿರದ ನನ್ನ ತವರಿಗೆ ಕಳಿಸಿದ್ದೆ. ತಾತನ ಕುರಿಗಳ ಹಿಂದೆ ಓಡಾಡಿ, ಬಿಸಿಲಿಗೆ ಕಪ್ಪಾಗಿ, ಖುಷಿಯಾಗಿ ವಾಪಸ್ ಬಂದಳು. ಎಲ್ಲರ ಜೊತೆ ಇವಳನ್ನೂ ಆರಕ್ಕೆ ಹಾಕಿದರು. ನಾನೂ ಮರೆತೆ.

"ಸೇರಿಸ್ಕೊತೀನಿ. ಆದ್ರೆ ಹತ್ತನೇ ಕ್ಲಾಸಿನ ಬ್ಯಾಚಿಗಲ್ಲ, ಐದನೇ ಕ್ಲಾಸಿನ ಮಕ್ಕಳ ಜೊತೆ ಕೂತ್ಕೋಬೇಕು" ಅಂದರು ಟೀಚರ್.

ನನಗೆ ಸಿಟ್ಟೇ ಬಂತು. ಹದಿನೈದು ವರ್ಷದ ಹುಡುಗಿ, ಮಾರ್ಚಿನಲ್ಲಿ ಪಬ್ಲಿಕ್ ಪರೀಕ್ಷೆ. ಅಂಗಡಿಗೆ ಬರುವವರು ಕೇಳಿದರೆ ಏನು ಹೇಳಲಿ? ಬೇರೆ ಕಡೆ ನೋಡೋಣ, ಪಾಸಾಗುವಷ್ಟು ಉರು ಹೊಡೆಸುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ ಅಂದುಕೊಂಡು ಚಪ್ಪಲಿ ಮೆಟ್ಟಿದೆ.

"ನಾಳೆಯಿಂದ ಬತ್ತೀನಿ ಮಿಸ್" ಅಂದಳು ಚಂದನ.

ನನ್ನ ಮುಖ ಕೂಡ ನೋಡಲಿಲ್ಲ.

ಒಂದು ವಾರ ನಾನು ಆ ಕಡೆ ಹೋಗಲಿಲ್ಲ. ಎಂಟನೇ ದಿನ ಅಂಗಡಿ ಬೇಗ ಮುಚ್ಚಿ ಹೋಗಿ ಕಿಟಕಿ ಹತ್ತಿರ ನಿಂತೆ.

ಚಾಪೆಯ ಮೇಲೆ ಏಳೆಂಟು ಪುಟಾಣಿಗಳು. ಮಧ್ಯದಲ್ಲಿ ಇವಳು, ಉದ್ದ ಕಾಲು ಮಡಚಲು ಜಾಗ ಸಾಲದೆ ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದಾಳೆ. ಪಕ್ಕದಲ್ಲಿ ಎರಡು ಜಡೆಯ ಪುಟ್ಟ ಹುಡುಗಿ ಇವಳ ನೋಟ್ಸಿನ ಮೇಲೆ ಬೆರಳಿಟ್ಟು ಹೇಳುತ್ತಿದ್ದಾಳೆ... "ಅಕ್ಕಾ, ಕೆಳಗಿನ್ದು ಕೂಡ್ಬಾರ್ದು. ಮೊದ್ಲು ಎರಡ್ನೂ ಒಂದೇ ಮಾಡ್ಕೋಬೇಕು."

ನನ್ನ ಮಗಳು ರಬ್ಬರ್ ತೆಗೆದುಕೊಂಡು ಅಳಿಸಿದಳು. ಮತ್ತೆ ಬರೆದಳು. "ಈಗ ಸರೀನಾ?" ಅಂತ ಆ ಮಗುವನ್ನು ಕೇಳಿದಳು, ಟೀಚರನ್ನು ಕೇಳುವಷ್ಟೇ ಮರ್ಯಾದೆಯಿಂದ.

ನಾನೇ ಹೆತ್ತು ಬೆಳೆಸಿದ ಹುಡುಗಿ, ಆದರೆ ಇಷ್ಟು ದೊಡ್ಡವಳಾಗಿದ್ದು ಗೊತ್ತೇ ಆಗಿರಲಿಲ್ಲ.

ಈಗ ಮೂರು ತಿಂಗಳಾಯಿತು. ಐದು, ಆರು ಮುಗಿಸಿ ಏಳನೇ ಕ್ಲಾಸಿನ ಲೆಕ್ಕಕ್ಕೆ ಬಂದಿದ್ದಾಳೆ. ಮಾರ್ಚಿನೊಳಗೆ ಹತ್ತನ್ನು ಮುಟ್ಟುತ್ತಾಳೋ ಇಲ್ಲವೋ ಟೀಚರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಭಯ ಇದೆ. ಆದರೆ ಸಂಖ್ಯೆ ಬದಲಾಯಿಸಿ ಕೊಟ್ಟರೆ ಈಗ ಉತ್ತರವೂ ಬದಲಾಗುತ್ತದೆ.

ನಿನ್ನೆ ಸಂಜೆ ಕರೆದುಕೊಂಡು ಬರಲು ಹೋಗಿದ್ದೆ. ಊರ ಪಕ್ಕದ ಬೆಟ್ಟದ ಬಂಡೆಯ ಬಿಸಿ ಇನ್ನೂ ಬೀದಿಗೆ ಹೊಡೆಯುತ್ತಿತ್ತು. ಇಬ್ಬರೂ ಮನೆ ಕಡೆ ನಡೆಯುತ್ತಿದ್ದೆವು.

"ಆ ಚಿಕ್ಕ ಮಕ್ಕಳ ಮಧ್ಯೆ ನಾಚ್ಕೆ ಆಗಲ್ವೇನೇ?" ಅಂತ ಕೇಳಿಯೇಬಿಟ್ಟೆ.

"ಮೊದಲ್ನೇ ದಿನ ಆಯ್ತು. ಆದ್ರೆ ಐದು ವರ್ಷ ಕ್ಲಾಸಲ್ಲಿ ಏನೂ ಗೊತ್ತಾಗ್ದೆ, ಎಲ್ಲಾ ಗೊತ್ತಾದೋಳಂಗೆ ತಲೆ ಆಡಿಸ್ಕೊಂಡು ಕೂತಿದ್ನಲ್ಲ... ಅದುಕ್ಕಿಂತ ಇದೇ ಸುಲಭ ಕಣಮ್ಮ."

ಅವಳ ಬ್ಯಾಗು ಇಸಿದುಕೊಂಡು ಹೆಗಲಿಗೆ ಹಾಕಿಕೊಂಡೆ.

ನನಗೀಗ ನಲವತ್ತೆರಡು. ಅರ್ಥವಾಗದ ಎಷ್ಟೋ ವಿಷಯಕ್ಕೆ ನಾನೂ ತಲೆಯಾಡಿಸಿದ್ದೇನೆ, ಆದರೆ "ಗೊತ್ತಿಲ್ಲ, ಮೊದಲಿಂದ ಹೇಳಿಕೊಡಿ" ಅಂತ ಯಾರ ಮುಂದೆಯೂ ಒಂದು ದಿನ ಕೂತವಳಲ್ಲ... ನೀವು ಕೂತಿದ್ದೀರಾ?