ಮೀಸಲು ಬಾತು

ನಮ್ಮೂರ ಕೆರೆಗೆ ಬರುವ ಹಕ್ಕಿಗಳ ನಿಜವಾದ ಹೆಸರು ನನಗೆ ತಿಳಿದದ್ದು ಮದುವೆಯಾಗಿ ಹದಿನೈದು ವರ್ಷಕ್ಕೆ. ಅಲ್ಲಿಯವರೆಗೆ ಬಟ್ಟೆ ಒಗೆಯುತ್ತಾ ನಾನೇ ಹೆಸರಿಟ್ಟುಕೊಂಡಿದ್ದೆ. ಕೊಕ್ಕಿನಡಿ ಚೀಲ ಜೋತುಬಿದ್ದ ಹೆಜ್ಜಾರ್ಲೆ ನನ್ನ ಪಾಲಿಗೆ ಸಂತೆಗೆ ಹೊರಟ ಭಾವ. ಚಮಚದಂಥ ಕೊಕ್ಕನ್ನು ನೀರಲ್ಲಿ ಆಡಿಸುವುದು ಸಾರು ಕದಡುವ ಅತ್ತೆ. ಹಣೆಗೆ ಬಿಳಿ ನಾಮವಿರುವ ಕರಿ ನೀರುಕೋಳಿಯನ್ನು ಕಂಡರೆ ಮಾತ್ರ, ಮಗ್ಗುಲಲ್ಲೇ ನಂಜುಂಡೇಶ್ವರ ಇರುವಾಗ ಇದಕ್ಕೆ ವಿಭೂತಿ ಬಿಟ್ಟು ನಾಮ ಹಾಕಿದವರು ಯಾರೋ ಎಂದು ಬೇಜಾರಾಗುತ್ತಿತ್ತು.

ಹುಲ್ಲಹಳ್ಳಿ ಕಡೆಯ ನಮ್ಮ ಈ ಕೆರೆಯಲ್ಲಿ ಹಕ್ಕಿ ಹಿಡಿಯಬಾರದೆಂದು ಬೋರ್ಡು ಬಿತ್ತು. ಅರಣ್ಯ ಇಲಾಖೆಯಿಂದ ನಿಂಗರಾಜ ಎಂಬ ವಾಚರ್ ಬಂದ. ಹಕ್ಕಿಗಳ ನಿಜವಾದ ಹೆಸರು ನನಗೆ ಹೇಳಿಕೊಟ್ಟವನು ಅವನೇ. ಯಾವ ದಿನ ಏನು ಕಂಡಿತೆಂದು ಬರೆದಿಡುವುದು ಅವನ ಕೆಲಸ. ಅವನು ಟೀಗೆ ಹೋದಾಗ ಕಂಡದ್ದನ್ನೆಲ್ಲ ನಾನು ಒಪ್ಪಿಸುತ್ತಿದ್ದೆ. ನೀರುನಾಯಿಗಳು ತಲೆಯೆತ್ತಿದ್ದನ್ನು ಮೊದಲು ನೋಡಿದವಳು ನಾನೇ. ಅವನ ಪುಸ್ತಕದಲ್ಲಿ ನನ್ನ ಹೆಸರಿಲ್ಲ, ಇರಲಿ.

ಇಷ್ಟು ದೊಡ್ಡಸ್ತಿಕೆಯವಳು ಒಂದು ಚಳಿಗಾಲದಲ್ಲಿ ಏನು ಮಾಡಿದೆ ಗೊತ್ತೇ? ತಲೆ ಮೇಲೆ ಎರಡು ಕರಿ ಪಟ್ಟೆಯಿರುವ ದೊಡ್ಡ ಬಾತುಗಳು ಬಂದಿದ್ದವು. ತಾಂಡ್ಯದ ಫ್ಯಾಕ್ಟರಿಗೆ ಹೋಗುವ ನನ್ನ ಮೈದುನ ಮಹದೇವ, ಕುಯ್ದ ಭತ್ತದ ಗದ್ದೆಯಲ್ಲಿ ಉರುಳು ಹಾಕಿ ಒಂದನ್ನು ಗೋಣಿಯಲ್ಲಿ ಸುತ್ತಿ ಜೀವಂತ ತಂದ. ನಾನು ಬೈಯಲಿಲ್ಲ. "ಇವತ್ತು ಸೋಮವಾರ ಕಣಪ್ಪ, ನಾಳೆ ನೋಡಾನ" ಎಂದೆ, ಅಷ್ಟೆ. ಸೋಮವಾರ ನಮ್ಮಲ್ಲಿ ಸೊಪ್ಪಿನ ಸಾರು. ಬಾತನ್ನು ಗೋಣಿ ಸಮೇತ ಮಂಕರಿ ಬುಟ್ಟಿಯಡಿ ಮುಚ್ಚಿಟ್ಟು, ಮಸಾಲೆಗೆ ಎಷ್ಟು ತೆಂಗಿನಕಾಯಿ ಬೇಕಾದೀತೆಂದು ಯೋಚಿಸುತ್ತಾ ದೇವರಿಗೆ ದೀಪ ಹಚ್ಚಿದೆ!

ಸಂಜೆ ನೀರಿಡಲು ಮಂಕರಿ ಎತ್ತಿ ಗೋಣಿ ಸರಿಸಿದರೆ, ಬಾತಿನ ಕೊರಳಲ್ಲಿ ಹಸಿರು ಪಟ್ಟಿ. ಅದರ ಮೇಲೆ ಬಿಳಿ ಅಕ್ಷರ. ಎತ್ತಿದ ಮಂಕರಿಯನ್ನು ಹಾಗೇ ಇಳಿಸಿದೆ. ನಮ್ಮ ಕಡೆ ದೇವರಿಗೆ ಮೀಸಲು ಬಿಟ್ಟ ಕೋಳಿಯ ಕಾಲಿಗೆ ದಾರ ಕಟ್ಟುತ್ತೇವೆ. ಆಮೇಲೆ ಅದು ಒಣಹಾಕಿದ ರಾಗಿ ತಿಂದರೂ ಕಲ್ಲೆಸೆಯುವುದಿಲ್ಲ. ಕೊರಳಿಗೇ ಪಟ್ಟಿ ಕಟ್ಟಿ ಅಕ್ಷರ ಬರೆಸಿದವರ ಹರಕೆ ಇನ್ನೆಷ್ಟು ದೊಡ್ಡದಿರಬೇಕು?

"ಮಾದೇವ, ಇದು ಯಾವ್ದೋ ದೇವ್ರಿಗೆ ಮೀಸ್ಲು ಬಿಟ್ಟಿರೋದು. ಬುಟ್ಬುಡು."

"ಓಗತ್ಗೆ! ಇಂಗ್ಲೀಸ್‌ನಲ್ಲಿ ಬರ್ದವ್ರೆ. ಇಂಗ್ಲೀಸ್ ದೇವ್ರಿಗೆ ನಮ್ ಮ್ಯಾಲೇನ್ ಕ್ವಾಪ?"

"ನಿನ್ ಎಂಡ್ರು ಏಳು ತಿಂಗ್ಳ ಬಸ್ರಿ. ಆಮೇಕೆ ಏನಾರ ಆದ್ರೆ ಭಾಸೆ ಕೇಳ್ಕಂಡ್ ಕೂತಿರು. ನಾನಂತೂ ಒಲೆ ಅಚ್ಚಲ್ಲ."

ಮಹದೇವನ ನಗು ಅಲ್ಲಿಗೇ ನಿಂತಿತು. ತಾನೇ ಟವೆಲ್ಲಿನಲ್ಲಿ ಸುತ್ತಿಕೊಂಡು ಹೋಗಿ ಕೆರೆಯಂಚಿನಲ್ಲಿ ಬಿಟ್ಟುಬಂದ. ಉರುಳು ಅದರ ಕಾಲು ಕೊಯ್ದಿತ್ತು. ಎರಡು ದಿನ ಅದು ಜೊಂಡಿನ ಪಕ್ಕ ಕುಂಟುತ್ತಾ ಕೂತಿತ್ತು. ಸತ್ತರೆ ಆ ದೋಷ ಬಸುರಿಯ ಮೇಲೆ ಬರುತ್ತದೋ ಎಂದು ನನಗೆ ಅನ್ನ ಇಳಿಯಲಿಲ್ಲ. ಮೂರನೆಯ ಬೆಳಿಗ್ಗೆ ಹಿಂಡೆಲ್ಲ ಮೇಲೆದ್ದಾಗ ನಡುವೆ ಒಂದು ಹಸಿರು ಕೊರಳು ಕಂಡಿತು. ಒದ್ದೆ ಸೀರೆ ಹಿಡಿದುಕೊಂಡೇ ಕೈಮುಗಿದೆ.

ಓಡಿಹೋಗಿ ನಿಂಗರಾಜನಿಗೆ ಎಲ್ಲವನ್ನೂ ಹೇಳಿದೆ. ಮೈದುನ ಉರುಳು ಹಾಕಿದ್ದನ್ನೂ ಬಚ್ಚಿಡಲಿಲ್ಲ. ಅವನು ಮೊದಲು ಗದರಿದ, ಆಮೇಲೆ ನಕ್ಕ. "ಅದು ಅರಕೆ ಅಲ್ಲ ಕಣಕ್ಕ. ಅಕ್ಕಿ ಪಕ್ಸಿ ಬಗ್ಗೆ ಓದ್ದೋರು ಯಾವ್ದೋ ದೂರದ್ ಸೀಮೆಲಿ ಕಟ್ಟವ್ರೆ, ಎಲ್ಲೆಲ್ಲಿಗ್ ಓಯ್ತದೆ ಅಂತ ನೋಡಾಕೆ."

ನನಗೆ ಮುಖ ಎಲ್ಲಿಡುವುದೆಂದು ತಿಳಿಯಲಿಲ್ಲ. ಅಷ್ಟರಲ್ಲಾಗಲೇ ಮಹದೇವನ ಬಾಯಿಂದ ಸುದ್ದಿ ಊರು ತುಂಬಿ, ಉರುಳು ಹಾಕುತ್ತಿದ್ದವರೆಲ್ಲ ಕಿತ್ತು ಬಿಸಾಡಿದ್ದರು. ಯಾರೋ ಕೆರೆ ಏರಿಯ ಕಲ್ಲಿಗೆ ಅರಿಶಿನ ಕುಂಕುಮವನ್ನೂ ಹಚ್ಚಿದ್ದರು. "ಊರೋರ್ಗೆ ನಿಜ ಹೇಳ್ಬುಡ್ತೀನಿ ಕಣಣ್ಣ" ಎಂದೆ.

"ಆ ಬೋರ್ಡ್ ಆಕಿ ಮೂರ್ ವರ್ಸ ಆಯ್ತು, ಒಬ್ರೂ ಓದ್ನಿಲ್ಲ. ಸುಮ್ಕಿರಕ್ಕ" ಎಂದ.

ಮಹದೇವನಿಗೆ ಮಗಳು ಹುಟ್ಟಿದಳು, ತಾಯಿ ಮಗು ಕ್ಷೇಮ. ಆಗ ಅವನೊಬ್ಬನಿಗೆ ನಿಜ ಹೇಳಿದೆ. ಮಗುವನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅವನು, "ಇರ್ಲಿ ಬುಡತ್ಗೆ, ಮೀಸ್ಲೇ ಅನ್ಕಳಾನ" ಎಂದ. ನನಗೂ ಹಾಗೇ ಅನ್ನಿಸುತ್ತದೆ. ನಾವು ಕೋಳಿಗೆ ದಾರ ಕಟ್ಟುವುದು ಹಬ್ಬದ ದಿನ ಕುಯ್ಯುವುದಕ್ಕೆ. ಆ ಓದಿದವರು ಅಷ್ಟು ಜೋಪಾನವಾಗಿ ಪಟ್ಟಿ ಕಟ್ಟಿ, ಬದುಕಿದ್ದು ಬಾ ಎಂದು ಹಾರಿಬಿಟ್ಟಿದ್ದಾರೆ. ಹರಕೆ ಹೊರುವುದನ್ನು ನಾನು ಅವರಿಂದ ಕಲಿಯುವುದಿದೆ.