ಕರೆಪ್ಪನ ಮೀಸೆ ಕಾಣಬೇಕಿದ್ದ ಗಾಜು

ಹುಕ್ಕೇರಿಯ ಶಿದ್ಲಿಂಗಪ್ಪ ಗಾಡಿಗಳಿಗೆ ನಂಬರ್ ಪ್ಲೇಟ್ ಬರೆಯುತ್ತಾರೆ. ಬಿಡುವಿದ್ದಾಗ ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಗೇಣುದ್ದದ ಬಸ್ಸುಗಳನ್ನು ಕಟ್ಟುತ್ತಾರೆ. ಸೀಟು, ಸ್ಟೇರಿಂಗು, ಹಿಂದಿನ ಏಣಿ, ಎಲ್ಲವೂ ಅಳತೆಗೆ ಸರಿಯಾಗಿ. ಅವರ ಮನೆಯ ಟಿ.ವಿ. ಕಪಾಟಿನಲ್ಲಿ ಟಿ.ವಿ.ಗೆ ಜಾಗವಿಲ್ಲ, ಅಲ್ಲೊಂದು ಬಸ್ ಸ್ಟ್ಯಾಂಡೇ ಇದೆ.

ಕಳೆದ ತಿಂಗಳು ಕಟ್ಟಿದ್ದು ಗೋಕಾಕದ ಬಸ್ಸು. ಹೆಂಡತಿ ಅಲ್ಲವ್ವನ ಅಣ್ಣ ಕರೆಪ್ಪ ಆ ದಾರಿಯ ಡ್ರೈವರ್. ಬಸ್ಸು ಮುಗಿಯಬೇಕಿದ್ದ ದಿನ ಸಂಜೆಯೇ ಅವರಿಗೆ ನಿವೃತ್ತಿಯ ಸತ್ಕಾರ, ಅದಕ್ಕೆ ಈ ಬಸ್ಸೇ ಉಡುಗೊರೆ. ಉಡುಗೊರೆಯ ಜೀವ ಮುಂದಿನ ಗಾಜಿನ ಹಿಂದಿತ್ತು: ಖಾಕಿ ತೊಟ್ಟು ಕೂತ, ಹೆಬ್ಬೆರಳ ಗೆಣ್ಣಿನಷ್ಟು ಕರೆಪ್ಪ, ಹುರಿಮೀಸೆ ಸಮೇತ.

ಆ ದಿನ ಬೆಳಿಗ್ಗೆ ಗಾಜಿನ ಅಂಚಿಗೆ ಕರಿ ಬಣ್ಣ ಎಳೆಯುವಾಗ ಶಿದ್ಲಿಂಗಪ್ಪನವರಿಗೆ ಸೀನು ಬಂತು. ಬ್ರಷ್ಷು ಗಾಜಿನ ನಡುವೆ ಹಾಯಿತು. ಒಣಗಲು ಬಿಟ್ಟು ಕಡ್ಡಿಯ ತುದಿಯಿಂದ ಮೆಲ್ಲಗೆ ಕೆರೆದರೆ ಬಣ್ಣ ಬಿಡುತ್ತದೆ. ಅದು ಅವರಿಗೆ ಗೊತ್ತು. ಆದರೆ ತಗಡಿನ ಪ್ಲೇಟು ಒರೆಸಿ ರೂಢಿಯಾದ ಕೈ ಬಣ್ಣ ಕರಗಿಸುವ ಥಿನ್ನರ್ ಬಟ್ಟೆ ಎತ್ತಿಕೊಂಡಿತ್ತು. ಕರಿ ಬಣ್ಣ ಹೋಯಿತು. ಪ್ಲಾಸ್ಟಿಕ್ ಗಾಜು ಮಜ್ಜಿಗೆಯಂತೆ ಬೆಳ್ಳಗಾಯಿತು. ಕರೆಪ್ಪ ಮಾಯ.

“ಬ್ಯಾರೆ ಗ್ಲಾಸ್ ಹಚ್ರಲ್ಲ,” ಎಂದರು ಅಲ್ಲವ್ವ.

“ಹಾಳಿ ಮುಗದೈತಿ. ಬೆಳಗಾವಿಯಿಂದ ತರಬೇಕು.”

“ಹೋಗ್ಲಿ ಬಿಡ್ರಿ. ನಮ್ಮಣ್ಣನ ಬಸ್ಸಿನ ಗ್ಲಾಸ್ ಯಾವಾಗರ ಸ್ವಚ್ಛ ಇತ್ತೇನು?”

“ನಗಬ್ಯಾಡ. ಮೀಸಿ ಕಾಣದಿದ್ರ ಒಳಗ ಕುಂತಾಂವ ಯಾರಂತ ಹೆಂಗ ತಿಳೀಬೇಕು?”

ಶಿದ್ಲಿಂಗಪ್ಪ ಮುಖ ತೊಳೆಯಲು ಹಿತ್ತಲಿಗೆ ಹೋದರು. ಹೊಸ ಗಾಡಿ ಪೂಜೆಯಿಲ್ಲದೆ ಹೊರಡುವುದು ಆ ಮನೆಯಲ್ಲಿಲ್ಲ. ಅಲ್ಲವ್ವ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟರು. ಹಣ್ಣು ಚಕ್ರಕ್ಕಿಂತ ದೊಡ್ಡದು, ಬಸ್ಸು ಗುಡ್ಡ ಹತ್ತುವಂತೆ ಮೂತಿ ಎತ್ತಿ ನಿಂತಿತು. ವಿಭೂತಿ ನೆನೆಸಿ ಗಾಜಿನ ಮೇಲೆ ಮೂರು ಬೆರಳು ಎಳೆದರು. ಕರ್ಪೂರ ಹಚ್ಚಿದರು.

“ಏನ್ ಮಾಡಾಕತ್ತೀ! ಪ್ಲಾಸ್ಟಿಕ್ ಐತಿ ಅದು!”

ಓಡಿಬಂದ ಶಿದ್ಲಿಂಗಪ್ಪ ಕರ್ಪೂರ ಊದಿ, ಸಿಟ್ಟಿನಲ್ಲಿ ಧೋತರದ ಚುಂಗಿನಿಂದ ವಿಭೂತಿಯನ್ನು ಗಸಗಸ ಉಜ್ಜಿದರು. ಉಜ್ಜುತ್ತ ಉಜ್ಜುತ್ತ ಕೈ ನಿಂತಿತು. ವಿಭೂತಿ ಉಜ್ಜಿದಲ್ಲಿ ಬಿಳುಪು ಸವೆದು ಮೀಸೆಯ ಒಂದು ತುದಿ ಇಣುಕುತ್ತಿತ್ತು.

“ಅಲ್ಲವ್ವಾ, ಇಭೂತಿ ತಾ!”

“ಈಗ ಬೈದ್ರಲ್ಲ?”

“ಗಟ್ಟಿ ಪೂರಾ ತಾ!”

ನುಣ್ಣನೆಯ ಬೂದಿ, ಒಂದು ಹನಿ ಕೊಬ್ಬರಿ ಎಣ್ಣೆ, ಮೆತ್ತನೆಯ ಬಟ್ಟೆ. ಗಂಡನ ಕೈ ಸೋತರೆ ಹೆಂಡತಿ.

“ಮೂಗು ಬಂತ್ರಿ!”

“ಟೊಪಿಗಿನೂ ಬಂತು!”

ಕೂಗಾಟ ಕೇಳಿ ಬಾಜೂ ಮನೆಯ ಯಲ್ಲವ್ವ ಬಾಗಿಲಿಗೆ ಬಂದರು. “ಯಾರು ಹಡದ್ರವ್ವಾ?”

“ನಮ್ಮಣ್ಣ ಹುಟ್ಟಾಕತ್ತಾನ, ಒಳಗ ಬಾ!”

ಸಂಜೆ ಊರ ಬಸ್ ಸ್ಟ್ಯಾಂಡಿನ ಸತ್ಕಾರದಲ್ಲಿ ಹಾರ ಹಾಕಿಕೊಂಡ ಕರೆಪ್ಪ ಬಗ್ಗಿ, ಒಂದು ಕಣ್ಣು ಮುಚ್ಚಿ ಗಾಜಿನೊಳಗೆ ನೋಡಿದರು. ಬಹಳ ಹೊತ್ತು ನೋಡಿದರು.

“ಮೀಸಿ ಎಡಕ್ಕ ಡೊಂಕ ಐತಲ್ಲೋ.”

“ನಿಂದೂ ಹಂಗ ಐತಿ, ಯಣ್ಣಾ,” ಎಂದರು ಅಲ್ಲವ್ವ.

ಕರೆಪ್ಪ ಮೀಸೆ ಮುಟ್ಟಿ ನೋಡಿಕೊಂಡರು. ಆಮೇಲೆ ಬಸ್ಸನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಬಾಯಿಂದಲೇ “ಪೋಂ, ಪೋಂ” ಎಂದು ಹಾರನ್ ಹೊಡೆಯುತ್ತ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಹೊರಟರು. ಕಂಡಕ್ಟರೊಬ್ಬ ಸೀಟಿ ಊದಿದ. ಗೋಕಾಕದ ಬಸ್ಸಿಗೆ ಕಾಯುತ್ತಿದ್ದ ಮೂಲೆಯ ಬೆಂಚಿನವರು ಸೀಟಿ ಕೇಳಿ ಚೀಲ ಎತ್ತಿಕೊಂಡು ಎದ್ದರು.