ಕಡಲಿನಿಂದ ಮಸರಕಲ್ಲಿಗೆ ಮರಳಿದ ರೊಟ್ಟಿ

ರೊಟ್ಟಿ ಮುರಿಯಲಿಲ್ಲ, ಬಾಗಿತು. ರಾಯಚೂರು ಬಸ್ ನಿಲ್ದಾಣದಲ್ಲಿ ಚೀಲದಿಂದ ತೆಗೆದು ನೋಡಿದಾಗ ಅಂಚಿಗೆ ಬೂಷ್ಟು ಹಿಡಿದಿತ್ತು. ನಮ್ಮ ಕಡೆ ತಿಂಗಳುಗಟ್ಟಲೆ ಇಟ್ಟರೂ ಕೆಡದ ಖಡಕ್ ರೊಟ್ಟಿ ಅದು.

ಕೊಟ್ಟವಳು ರೇಣುಕಾ. ನಾನು ಪಾಠ ಹೇಳುವ ಕರಾವಳಿಯ ಊರಿನಲ್ಲಿ ಸರಕಾರ ಕಡಲ ಕೊರೆತಕ್ಕೆ ಕಲ್ಲಿನ ತಡೆಗೋಡೆ ಹಾಕಿಸುತ್ತಿದೆ. ಕಲ್ಲು ಹೊಂದಿಸುವವರಲ್ಲಿ ಹೆಚ್ಚಿನವರು ದೇವದುರ್ಗ ತಾಲ್ಲೂಕಿನವರು, ರೇಣುಕಾ ಮತ್ತು ಅವಳ ಗಂಡನೂ. ಅಲೆಗಳು ಅಡಿಯ ಮರಳನ್ನು ಎಳೆದುಕೊಂಡು ಹೋಗಿ ಕಲ್ಲು ಉರುಳಿದ ದಿನ ಅವಳ ಗಂಡನ ಪಾದ ಜಜ್ಜಿಹೋಯಿತು. ನಾನು ಅಲ್ಲೇ ಇದ್ದೆ. ರಜೆಗೆಂದು ಮಾನ್ವಿಯ ಮನೆಗೆ ಹೊರಟಾಗ ರೇಣುಕಾ ರೊಟ್ಟಿ ಕೈಗಿಟ್ಟು, “ಮಸರಕಲ್ಲಿಗಿ ಹೋಗಿ ನಮ್ಮವ್ವಗ ಹೇಳ್ರಿ ಅಕ್ಕೋರ, ನನ್ನ ತಮ್ಮನ್ನ ಇಲ್ಲಿಗಿ ಕಳಸಬ್ಯಾಡಂತ. ಫೋನಿನ್ಯಾಗ ನಾ ಹೇಳಿದ್ರ ನಂಬವಲ್ಲಳು. ನೀವು ಕಣ್ಣಿಲೆ ನೋಡೀರಿ” ಎಂದಿದ್ದಳು.

ದೇವದುರ್ಗದ ಬಸ್ಸಿನಲ್ಲಿ ಹೆಂಗಸರಿಗೆ ಶೂನ್ಯ ಟಿಕೆಟ್, ನಿಲ್ಲಲೂ ಜಾಗವಿರಲಿಲ್ಲ. ಗಬ್ಬೂರಿನಲ್ಲಿ ಸೀಟು ಸಿಕ್ಕಿತು. ಮುಂದೆ ಹತ್ತಿ ಹೊಲಗಳು, ಒಣ ಗಾಳಿ. ಮಸರಕಲ್ಲಿನಲ್ಲಿ ಇಳಿದಾಗ ಹೊತ್ತು ಇಳಿಯುತ್ತಿತ್ತು.

ರೇಣುಕಾಳ ತಾಯಿ ಮಾರೆಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಪಕ್ಕದಲ್ಲಿ ಮಗನ ಪ್ರಯಾಣಕ್ಕೆಂದು ಒಣಗಿಸಿದ ರೊಟ್ಟಿಗಳ ಗುಡ್ಡೆ. ನಾನು ತಂದದ್ದನ್ನು ಬಾಗಿಸಿ ನೋಡಿ ನಕ್ಕರು.

“ಇದೇನ್ ರೊಟ್ಟಿನೋ ಒದ್ದಿ ಅರಿವಿನೋ? ಯಾವಾಕಿ ಬಡದಾಳ?”

“ನೀವೇ ಬಡದು ಕಳಿಸಿದ್ದು ಯವ್ವಾ. ಅಲ್ಲಿ ಗಾಳಿಗಿ ಹಿಂಗಾಗತದ.”

ನಗು ನಿಂತಿತು. ಅಳಿಯನ ಪಾದದ ಸಂಗತಿಯನ್ನು ಕಂಡಂತೆ ಹೇಳಿದೆ. ಮಾರೆಮ್ಮ ಸ್ವಲ್ಪ ಹೊತ್ತು ಹಿಟ್ಟು ನಾದಿದರು.

“ಅದಕ್ಕ ಮಳಿಗಾಲದಾಗ ಇವನ್ನ ಬಿಡಲಿಲ್ರಿ. ಈಗ ಹೊಳಿ ಇಳದದ. ಸಮುದ್ರನೂ ಇಳದಿರತದ.”

ಕೃಷ್ಣೆಯೊಂದನ್ನೇ ಕಂಡವರ ಲೆಕ್ಕ ಅದು. “ಸಮುದ್ರ ಇಳಿಯಂಗಿಲ್ಲ ಯವ್ವಾ. ವರ್ಷಾ ವರ್ಷಾ ಮುಂದ ಬರಾಕತ್ತದ. ಹೋದ ವರ್ಷದ ಗ್ವಾಡಿ ಕುಸದು ಹೋತು, ಅದಕ್ಕ ಮತ್ತ ಕಲ್ಲು ಹಾಕಾಕತ್ತಾರ” ಎಂದೆ. ಇದಕ್ಕೆ ಎದುರು ಮಾತಿಲ್ಲವೆಂದುಕೊಂಡಿದ್ದೆ.

ಮಾರೆಮ್ಮ ಬಾಗಿಲಲ್ಲಿ ನಿಂತಿದ್ದ ಮಗ ಹನುಮೇಶನ ಕಡೆ ತಿರುಗಿದರು. “ಕೇಳಿದೇನಲೇ? ವರ್ಷಾ ವರ್ಷಾ ಕೆಲಸ ಅದ ಅಂತ.”

“ಮಾವನ ಜಾಗ ಖಾಲಿ ಅದ ಬಾ ಅಂತ ಮೇಸ್ತ್ರಿ ಫೋನ್ ಮಾಡಿದ್ದ. ಯಾಕ ಖಾಲಿ ಅಂತ ಹೇಳಲಿಲ್ಲ. ಅಕ್ಕ ಹೇಳಿದ್ದು ನಾವ್ ನಂಬಲಿಲ್ಲ” ಎಂದ ಅವನು. ಮತ್ತೆ ನನ್ನತ್ತ ನೋಡಿ, “ಹಂಗಾರ ಹೋಗಾಕಬೇಕಲ್ರೀ ಅಕ್ಕೋರ. ಅಕ್ಕನ ಸಂಗಾಟ ಯಾರದಾರ?”

ಕೊನೆಯ ಬಸ್ಸು ತಪ್ಪಿತ್ತು, ನಾನು ಅವರ ಮನೆಯಲ್ಲೇ ಮಲಗಿದೆ.

ಮರುದಿನ ಬೆಳಿಗ್ಗೆ ಹನುಮೇಶನ ಚೀಲ ಬಾಗಿಲ ಬಳಿ ಇತ್ತು. ನನ್ನ ಹತ್ತಿರ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೊಂದಿತ್ತು. ಅದರಲ್ಲಿದ್ದ ಅವಲಕ್ಕಿಯನ್ನು ಕಾಗದಕ್ಕೆ ಸುರಿದು, ಒಳಗೆ ಒರೆಸಿ, ಕಡಲ ಗಾಳಿ ತಾಗದಂತೆ ಅವನ ರೊಟ್ಟಿ ತುಂಬಲು ಕುಳಿತೆ. ಡಬ್ಬಿ ಚಿಕ್ಕದು. ಒಂದೊಂದನ್ನೇ ಮುರಿದು ಹಾಕಿದೆ. ಎಲ್ಲವೂ ಲಟಲಟನೆ ಮುರಿದವು.